ಪರಿಶುದ್ಧತೆಯೂ ಅತಿಥಿಸತ್ಕಾರವೂ: ಸೈನಿಕರ ಯುವ ಪತ್ನಿಯರನ್ನು ಕ್ರೈಸ್ತ ಸಭೆಯ ಸ್ತ್ರೀಯರ ಕೂಟಕ್ಕೆ ಬರಮಾಡಿಕೊಳ್ಳುವ ಬಗೆ

ಸತ್ಯವೇದದ ಯಾಜಕಕಾಂಡದ 19ನೆಯ ಅಧ್ಯಾಯವು, ದೇವರು ಪರಿಶುದ್ಧನಾಗಿರುವುದರಿಂದ ಆತನ ಜನರೂ ಪರಿಶುದ್ಧರಾಗಿರಬೇಕೆಂಬ ಆಜ್ಞೆಯಿಂದ ಆರಂಭವಾಗುತ್ತದೆ. ಅದೇ ಅಧ್ಯಾಯದ 33 ಮತ್ತು 34ನೆಯ ವಚನಗಳು, ನಿಮ್ಮ ನಡುವೆ ಬಂದು ನೆಲೆಸಿರುವ ಪರದೇಶಿಯನ್ನು ಸ್ವದೇಶದವನಂತೆಯೇ ಎಣಿಸಿ ನಿಮ್ಮಂತೆಯೇ ಪ್ರೀತಿಸಬೇಕೆಂದು ಹೇಳುತ್ತವೆ. ಇಬ್ರಿಯರಿಗೆ ಬರೆದ ಪತ್ರಿಕೆಯ 12:14 ಪರಿಶುದ್ಧತೆಯಿಲ್ಲದೆ ಯಾರೂ ಕರ್ತನನ್ನು ಕಾಣುವುದಿಲ್ಲವೆಂದು ಎಚ್ಚರಿಸುತ್ತದೆ. ಅದಾದ ಮೇಲೆ ಬಹಳ ದೂರ ಹೋಗುವ ಮೊದಲೇ, 13:2ರಲ್ಲಿ, ಅತಿಥಿಸತ್ಕಾರವನ್ನು ಮರೆಯಬಾರದೆಂಬ ಮಾತು ಬರುತ್ತದೆ. ಪೇತ್ರನ ಮೊದಲನೆಯ ಪತ್ರಿಕೆಯೂ ಹಾಗೆಯೇ: 1:15-16ರಲ್ಲಿ ಪರಿಶುದ್ಧರಾಗಿರಿ ಎಂದು ಹೇಳಿ, 4:9ರಲ್ಲಿ ಗೊಣಗುಟ್ಟದೆ ಅತಿಥಿಗಳನ್ನು ಸತ್ಕರಿಸಿರಿ ಎನ್ನುತ್ತದೆ. ಹೊಸದಾಗಿ ಬಂದವಳನ್ನು ಬರಮಾಡಿಕೊಳ್ಳುವ ರೀತಿಯಲ್ಲಿಯೇ ಒಂದು ಸಭೆಯ ಪರಿಶುದ್ಧತೆ ಬೆಳಕಿಗೆ ಬರುತ್ತದೆ ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಸೈನ್ಯದಲ್ಲಿರುವವನನ್ನು ಮದುವೆಯಾಗಿ, ತವರಿನಿಂದ ದೂರ ಬಂದು, ಪರಿಚಯವೇ ಇಲ್ಲದ ಊರಿನ ಆರಾಧನೆಯಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬಳೇ ಕುಳಿತಿರುವ ಯುವತಿಯೇ ಇಲ್ಲಿ ನಮ್ಮ ಮುಂದಿರುವ ಪರದೇಶಿ.

ಮೊದಲು ನಾಯಕಿಯರು ತಮ್ಮೊಳಗೆ ತೀರ್ಮಾನಿಸಿಕೊಳ್ಳಬೇಕಾದದ್ದು

ಸ್ತ್ರೀಯರ ಕೂಟಗಳು ಸಾಮಾನ್ಯವಾಗಿ ಎರಡು ದಿಕ್ಕಿನಲ್ಲಿ ಎಡವುತ್ತವೆ. ಕೆಲವೆಡೆ ಪರಿಶುದ್ಧತೆಯೆಂದರೆ ಉಡುಪು, ಒಡವೆ, ಮಾತು, ಹಾಜರಿಗಳ ಅಳತೆಯೆಂದು ಭಾವಿಸಿ, ಹೊಸಬಳು ಆ ಅಳತೆಗೆ ಬರುವವರೆಗೆ ಆಕೆಯನ್ನು ಬಾಗಿಲಲ್ಲಿಯೇ ನಿಲ್ಲಿಸಲಾಗುತ್ತದೆ. ಇನ್ನು ಕೆಲವೆಡೆ ನಗುಮುಖದ ಸ್ವಾಗತವೇ ಗುರಿಯಾಗಿ, ಪಾಪ, ಪಶ್ಚಾತ್ತಾಪ, ವಿಧೇಯತೆಗಳ ಮಾತು ಎಂದಿಗೂ ಬಾಯಿಗೆ ಬರುವುದಿಲ್ಲ; ಆಕೆ ಸ್ನೇಹಿತೆಯರನ್ನು ಪಡೆದರೂ ಆತ್ಮಕ್ಕೆ ಆಹಾರವಿಲ್ಲದೆ ಹಿಂದಿರುಗುತ್ತಾಳೆ. ಆದ್ದರಿಂದ ಯಾರನ್ನಾದರೂ ಆಹ್ವಾನಿಸುವ ಮೊದಲು ಕೂಟದ ಹೊಣೆ ಹೊತ್ತ ಸ್ತ್ರೀಯರು ಒಂದೆರಡು ಬಾರಿ ಕುಳಿತು ಮೇಲೆ ಹೇಳಿದ ವಾಕ್ಯಭಾಗಗಳನ್ನು ಜೊತೆಯಾಗಿ ಓದಿ ಪ್ರಾರ್ಥಿಸುವುದು ಒಳ್ಳೆಯದು. ಪರಿಶುದ್ಧತೆಯೆಂದರೆ ಮೊದಲು ದೇವರಿಗೆ ಸೇರಿದವರಾಗಿರುವುದು, ಆಮೇಲೆ ಆ ಸೇರಿರುವಿಕೆಗೆ ತಕ್ಕಂತೆ ದಿನದಿನವೂ ಪವಿತ್ರಾತ್ಮನಿಂದ ಬದಲಾಗುತ್ತ ಹೋಗುವುದು. ಈ ಕ್ರಮ ನಾಯಕಿಯರ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ, ಇನ್ನೂ ಬದಲಾಗುತ್ತಿರುವ ಇನ್ನೊಬ್ಬಳನ್ನು ಅವರು ಸಹನೆಯಿಂದ ಕಾಣಬಲ್ಲರು.

ತೀತನಿಗೆ ಬರೆದ ಪತ್ರಿಕೆಯ 2:3-5ನ್ನು ಇಲ್ಲಿ ನಿಧಾನವಾಗಿ ಓದಬೇಕು. ಅಲ್ಲಿ ಪೌಲನು ಹಿರಿಯ ಸ್ತ್ರೀಯರ ನಡತೆಯ ವಿಷಯವನ್ನೇ ಮೊದಲು ಎತ್ತುತ್ತಾನೆ. ಅವರು ದೇವಭಕ್ತಿಗೆ ತಕ್ಕ ನಡತೆಯುಳ್ಳವರೂ, ಚಾಡಿ ಹೇಳದವರೂ, ಮದ್ಯಕ್ಕೆ ದಾಸಿಯರಾಗದವರೂ ಆಗಿರಬೇಕು. ಆಮೇಲೆಯೇ ಅವರು ಯೌವನಸ್ಥ ಸ್ತ್ರೀಯರಿಗೆ ಬುದ್ಧಿ ಹೇಳುವ ಮಾತು ಬರುತ್ತದೆ. ನಮ್ಮಲ್ಲಿ ಅನೇಕರು ಈ ಭಾಗವನ್ನು ಕಿರಿಯರಿಗೆ ಕೊಟ್ಟ ಆಜ್ಞೆಯೆಂದು ಓದಿ ಬೋಧಿಸುತ್ತೇವೆ, ಆದರೆ ಅದರ ಮೊದಲ ಭಾರ ಹಿರಿಯರ ಹೆಗಲ ಮೇಲಿದೆ.

ಆಕೆಯ ಬದುಕಿನ ಲಯವನ್ನು ಅರಿತುಕೊಳ್ಳುವುದು

ಸೈನಿಕನ ಪತ್ನಿಯ ಬದುಕು ಸರ್ಕಾರದ ಆದೇಶಕ್ಕೆ ಬದ್ಧವಾಗಿರುತ್ತದೆ. ಹೆಚ್ಚಿನ ಸೈನ್ಯಗಳಲ್ಲಿ ಕೆಲವೇ ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ, ಪತಿ ತಿಂಗಳುಗಟ್ಟಲೆ ದೂರದಲ್ಲಿರುತ್ತಾನೆ, ರಜೆ ಕೊನೆಯ ಗಳಿಗೆಯಲ್ಲಿ ರದ್ದಾಗಬಹುದು, ಕೆಲವೊಮ್ಮೆ ಅವನು ಎಲ್ಲಿದ್ದಾನೆಂಬುದೂ ಮನೆಯವರಿಗೆ ತಿಳಿದಿರುವುದಿಲ್ಲ. ಇದರೊಳಗೆ ಒಂದು ಕ್ರಮವೂ ಇದೆ. ಹೊರಡುವ ಮುಂಚಿನ ವಾರಗಳಲ್ಲಿ ಸಣ್ಣ ಮಾತಿಗೂ ಜಗಳವಾಗುತ್ತದೆ. ಹೊರಟ ಮೇಲೆ ಮೊದಲ ವಾರಗಳಲ್ಲಿ ನಿದ್ರೆ, ಊಟ, ಮಕ್ಕಳ ದಿನಚರಿ ಎಲ್ಲವೂ ಕೆಡುತ್ತವೆ. ನಂತರ ಆಕೆ ಒಂದು ಸ್ಥಿತಿಗೆ ಹೊಂದಿಕೊಂಡು ಮನೆಯನ್ನು ಒಬ್ಬಳೇ ನಡೆಸಲು ಕಲಿಯುತ್ತಾಳೆ. ಅವನು ಮರಳಿ ಬಂದಾಗ, ಸಂತೋಷದ ಜೊತೆಗೆ, ಒಬ್ಬಳೇ ನಡೆಸಿದ ಮನೆಯನ್ನು ಮತ್ತೆ ಇಬ್ಬರು ನಡೆಸಲು ಕಲಿಯಬೇಕಾದ ಕಷ್ಟವೂ ಬರುತ್ತದೆ. ಇದು ತಿಳಿದಿರುವ ಕೂಟವು ಆಕೆಯ ಗೈರುಹಾಜರಿಯನ್ನು ಅಥವಾ ಸಿಡುಕನ್ನು ಕೂಡಲೇ ಆತ್ಮಿಕ ತಣ್ಣಗಾಗುವಿಕೆ ಎಂದು ಕರೆಯುವುದಿಲ್ಲ.

ಪತಿಯ ಪದವಿಯನ್ನು ಕೂಟದೊಳಗೆ ತರಬೇಡಿರಿ. ಸೈನ್ಯದಲ್ಲಿ ಪದವಿಯ ಶಿಸ್ತು ಅಗತ್ಯವಾದದ್ದು, ಅದಕ್ಕೆ ನಾವು ಗೌರವ ಕೊಡಬೇಕು. ಆದರೆ ಅಧಿಕಾರಿಯ ಪತ್ನಿಗೆ ಮುಂದಿನ ಕುರ್ಚಿ, ಸಿಪಾಯಿಯ ಪತ್ನಿಗೆ ಅಡುಗೆಮನೆಯ ಕೆಲಸ ಎಂಬ ವ್ಯವಸ್ಥೆ ಸಭೆಯಲ್ಲಿ ತಾನಾಗಿ ಹುಟ್ಟಿಕೊಂಡರೆ, ಯಾಕೋಬನ ಪತ್ರಿಕೆಯ 2:1-4 ನೇರವಾಗಿ ಖಂಡಿಸುವ ಪಕ್ಷಪಾತ ಅದೇ ಆಗಿದೆ. ಪರಿಚಯ ಮಾಡಿಸುವಾಗ ಪತಿಯ ಹುದ್ದೆಯನ್ನು ಹೇಳದೆ ಆಕೆಯ ಹೆಸರನ್ನು ಮಾತ್ರ ಹೇಳುವುದು ಇದಕ್ಕೆ ಸುಲಭವಾದ ಪರಿಹಾರ.

ಮೊದಲ ಎರಡು ವಾರಗಳು

ಆರು ತಿಂಗಳು ನೋಡಿ ಆಮೇಲೆ ಹತ್ತಿರವಾಗೋಣ ಎಂಬ ನಿಧಾನ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಆಕೆಯ ವಾಸದ ಗಣನೀಯ ಭಾಗ ಮುಗಿದಿರುತ್ತದೆ. ಆಕೆ ಮೊದಲ ಸಲ ಆರಾಧನೆಗೆ ಬಂದ ದಿನವೇ ಯಾರಾದರೂ ಪಕ್ಕದಲ್ಲಿ ಕುಳಿತು, ಮುಗಿದ ಮೇಲೆ ಫೋನ್ ನಂಬರ್ ಕೇಳಿ, ಅದೇ ವಾರದಲ್ಲಿ ಇಬ್ಬರು ಸ್ತ್ರೀಯರು ಮೊದಲೇ ತಿಳಿಸಿ ಮನೆಗೆ ಹೋಗಬೇಕು. ಆ ಭೇಟಿಯಲ್ಲಿ ಬೋಧನೆ ಬೇಡ. ಮಕ್ಕಳ ವೈದ್ಯರು ಯಾರು, ಶಾಲೆಯಲ್ಲಿ ಯಾರನ್ನು ಕಾಣಬೇಕು, ರಾತ್ರಿ ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು, ಸಾಮಾನು ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಟ್ಟು, ಆಕೆಯ ಮಾತನ್ನು ಕೇಳಿ, ಒಪ್ಪಿದರೆ ಚಿಕ್ಕದಾಗಿ ಪ್ರಾರ್ಥಿಸಿ ಬಂದರೆ ಸಾಕು. ಸೈನಿಕ ವಸತಿಯೊಳಗೆ ಹೊರಗಿನವರಿಗೆ ಪ್ರವೇಶದ ನಿಯಮಗಳಿದ್ದರೆ ಅವುಗಳನ್ನು ಪಾಲಿಸಿರಿ. ಅಲ್ಲಿ ಸೇನೆಯ ಧರ್ಮಗುರುಗಳಿದ್ದರೆ ಸಭಾಪಾಲಕರ ಮೂಲಕ ಅವರನ್ನು ಸಂಪರ್ಕಿಸಿ ತಿಳಿಸುವುದು ಒಳ್ಳೆಯದು. ಪತಿ ಊರಿನಲ್ಲಿ ಇಲ್ಲದಿರುವಾಗ ಸಭೆಯ ಯಾವ ಪುರುಷನೂ, ಸಭಾಪಾಲಕರೂ ಸೇರಿದಂತೆ, ಒಬ್ಬನೇ ಆಕೆಯ ಮನೆಗೆ ಹೋಗಬಾರದೆಂಬ ನಿಯಮವನ್ನು ಮೊದಲೇ ಮಾಡಿಕೊಂಡಿರಬೇಕು. ಇದು ಆಕೆಯ ಮೇಲಿನ ಅನುಮಾನದಿಂದ ಮಾಡುವ ನಿಯಮವಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಹಿರಿಯಳೊಬ್ಬಳ ಜೊತೆ

ದೊಡ್ಡ ಕೂಟದಲ್ಲಿ ಬಾಯಿ ತೆರೆಯದವಳು ಒಬ್ಬ ಹಿರಿಯಳ ಮುಂದೆ ಮನಸ್ಸು ಬಿಚ್ಚುತ್ತಾಳೆ. ಪ್ರತಿ ಯುವ ಪತ್ನಿಗೂ ಒಬ್ಬ ಪ್ರೌಢ ವಿಶ್ವಾಸಿ ಸಹೋದರಿಯನ್ನು ಜೊತೆ ಮಾಡಿರಿ. ಸಾಧ್ಯವಾದರೆ ಆ ಹಿರಿಯಳು ಸ್ವತಃ ಸೈನಿಕನ ಪತ್ನಿಯಾಗಿದ್ದವಳಾಗಿರಲಿ. ಅಂಥವರು ಸಿಗದಿದ್ದರೆ ಚಿಂತೆ ಬೇಡ, ಗುಟ್ಟು ಕಾಯುವ ನಾಲಿಗೆಯೂ ಕೇಳುವ ಕಿವಿಯೂ ಅನುಭವಕ್ಕಿಂತ ಹೆಚ್ಚಿನ ಅರ್ಹತೆಗಳು. ಇಬ್ಬರೂ ವಾರಕ್ಕೊಮ್ಮೆ ಭೇಟಿಯಾಗಲಿ ಅಥವಾ ಫೋನಿನಲ್ಲಿ ಮಾತಾಡಲಿ. ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರ ಮೆಥಡಿಸ್ಟ್ ಸಂಘಗಳಲ್ಲಿ 1742ರಲ್ಲಿ ಬ್ರಿಸ್ಟಲ್ ನಗರದಿಂದ ಆರಂಭವಾದ ಕ್ಲಾಸ್ ಕೂಟಗಳಲ್ಲಿ, ಸುಮಾರು ಹನ್ನೆರಡು ಜನರಿಗೆ ಒಬ್ಬ ನಾಯಕನಂತೆ ನೇಮಿಸಿ, ಪ್ರತಿಯೊಬ್ಬರ ಆತ್ಮದ ಕ್ಷೇಮವನ್ನು ವಾರಕ್ಕೊಮ್ಮೆ ವಿಚಾರಿಸುವ ಹೊಣೆಯನ್ನು ಅವನಿಗೆ ಕೊಡಲಾಗುತ್ತಿತ್ತು. ಪರಿಶುದ್ಧತೆಯ ಬೋಧನೆಗೆ ಹೆಸರಾದ ಆ ಚಳವಳಿ, ದೊಡ್ಡ ಪ್ರಸಂಗಗಳ ಜೊತೆಗೆ, ಈ ವಾರವಾರದ ವಿಚಾರಣೆಯ ಮೇಲೆಯೂ ನಿಂತಿತ್ತು. ನಮ್ಮ ಕೂಟಗಳಿಗೂ ಇದಕ್ಕಿಂತ ಉತ್ತಮವಾದ ವಿಧಾನವನ್ನು ನಾನು ಕಂಡಿಲ್ಲ.

ಆ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳವಾಗಿರಲಿ: ಈ ವಾರ ನಿದ್ರೆ ಬಂತೇ, ಮಕ್ಕಳು ಹೇಗಿದ್ದಾರೆ, ವಾಕ್ಯ ಓದಲು ಸಮಯ ಸಿಕ್ಕಿತೇ, ಯಾವ ವಿಷಯದಲ್ಲಿ ಮನಸ್ಸು ಸೋಲುತ್ತಿದೆ. ಆಕೆ ಹೇಳಿದ್ದು ಆಕೆಯ ಅನುಮತಿಯಿಲ್ಲದೆ ಪ್ರಾರ್ಥನಾ ವಿಷಯವಾಗಿ ಕೂಡ ಮೂರನೆಯವರಿಗೆ ಹೋಗಬಾರದು. ಹಿರಿಯಳ ಕೈಮೀರಿದ ಸಂಗತಿ ಬಂದರೆ, ಉದಾಹರಣೆಗೆ ಆಕೆ ಬದುಕುವುದೇ ಬೇಡವೆಂಬ ಮಾತಾಡಿದರೆ, ಗುಟ್ಟಿನ ಮಾತು ಅಲ್ಲಿಗೆ ಮುಗಿಯುತ್ತದೆ. ಆಕೆಯನ್ನು ಒಬ್ಬಳೇ ಬಿಡದೆ, ಅದೇ ದಿನ ವೈದ್ಯರ ಅಥವಾ ತುರ್ತು ಸೇವೆಯ ಸಹಾಯ ಪಡೆಯಬೇಕು.

ಕೂಟದ ವೇಳೆ ಮತ್ತು ಪಾಠ

ಚಿಕ್ಕ ಮಕ್ಕಳ ತಾಯಿ ಒಬ್ಬಳೇ ಮನೆ ನಡೆಸುತ್ತಿರುವಾಗ ಸಂಜೆಯ ಕೂಟಕ್ಕೆ ಬರಲಾರಳು. ಬೆಳಗಿನ ವೇಳೆಯಲ್ಲಿ, ಮಕ್ಕಳನ್ನು ನೋಡಿಕೊಳ್ಳಲು ಗೊತ್ತುಮಾಡಿದ ಇಬ್ಬರು ನಂಬಿಗಸ್ತ ಸಹೋದರಿಯರೊಂದಿಗೆ, ಒಂದೂವರೆ ಗಂಟೆಗೆ ಮೀರದಂತೆ ಕೂಟವನ್ನು ನಡೆಸಬಹುದು. ವರ್ಷಪೂರ್ತಿ ಸಾಗುವ ಅಧ್ಯಯನಕ್ಕಿಂತ ನಾಲ್ಕರಿಂದ ಆರು ವಾರಗಳಲ್ಲಿ ಮುಗಿಯುವ ಪಾಠಮಾಲೆಗಳು ಲೇಸು; ಪ್ರತಿಯೊಂದು ಪಾಠವೂ ತನ್ನಷ್ಟಕ್ಕೆ ಪೂರ್ಣವಾಗಿದ್ದರೆ ಮಧ್ಯದಲ್ಲಿ ಬಂದವಳಿಗೂ, ಮಧ್ಯದಲ್ಲಿ ಹೊರಟವಳಿಗೂ ನಷ್ಟವಾಗುವುದಿಲ್ಲ. ಭಾಷೆ ಬೇರೆಯಾದವರಿಗೆ ಅವರ ಭಾಷೆಯ ಸತ್ಯವೇದವನ್ನು ಕೊಟ್ಟು, ಓದುವ ಸರದಿಯನ್ನು ಅವರಿಗೂ ಕೊಡಿರಿ.

ಪಾಠದ ವಸ್ತುವಾಗಿ ರೂತಳ ಪುಸ್ತಕದಿಂದ ಆರಂಭಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ. ನಾಲ್ಕೇ ಅಧ್ಯಾಯಗಳ ಆ ಪುಸ್ತಕದಲ್ಲಿ ಪರಊರಿಗೆ ಬಂದ ಯುವತಿಯೂ ಇದ್ದಾಳೆ, ಕಹಿಯಾದ ಮನಸ್ಸನ್ನು ಮುಚ್ಚಿಡದ ಹಿರಿಯಳೂ ಇದ್ದಾಳೆ, ಹೊಲದಲ್ಲಿ ಆ ಯುವತಿಯನ್ನು ಯಾರೂ ಮುಟ್ಟಬಾರದೆಂದು ಆಳುಗಳಿಗೆ ಅಪ್ಪಣೆ ಮಾಡಿದ ನೀತಿವಂತನೂ ಇದ್ದಾನೆ. ಯುದ್ಧ ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಈ ಕೂಟದಲ್ಲಿ ಎತ್ತಬೇಡಿರಿ. ಸ್ನಾನಿಕನಾದ ಯೋಹಾನನು ಲೂಕ 3:14ರಲ್ಲಿ ತನ್ನ ಬಳಿಗೆ ಬಂದ ಸಿಪಾಯಿಗಳಿಗೆ ನ್ಯಾಯವಾಗಿ ನಡೆಯಿರಿ ಎಂದು ಹೇಳಿ ಕಳುಹಿಸಿದನು, ಅವರ ಪತ್ನಿಯರನ್ನು ನ್ಯಾಯಸ್ಥಾನದ ಮುಂದೆ ನಿಲ್ಲಿಸುವ ಕೆಲಸ ನಮ್ಮದಲ್ಲ.

ಪ್ರಾರ್ಥನಾ ವಿಷಯಗಳಲ್ಲಿ ನಾಲಿಗೆಯ ಪರಿಶುದ್ಧತೆ

ಇದು ಹೆಚ್ಚಿನ ಕೂಟಗಳು ಯೋಚಿಸದ ಸಂಗತಿ. ಸೈನಿಕನ ತುಕಡಿಯ ಹೆಸರು, ಇರುವ ಸ್ಥಳ, ಹೊರಡುವ ಅಥವಾ ಮರಳುವ ದಿನಾಂಕ, ಪ್ರಯಾಣದ ಮಾರ್ಗ, ಸಮವಸ್ತ್ರದಲ್ಲಿರುವ ಹೊಸ ಫೋಟೊ ಇವು ಯಾವುದನ್ನೂ ವಾಟ್ಸಾಪ್ ಗುಂಪಿನಲ್ಲಿಯಾಗಲಿ, ಸಭೆಯ ಪ್ರಕಟಣೆಯಲ್ಲಿಯಾಗಲಿ, ಬಹಿರಂಗ ಪ್ರಾರ್ಥನೆಯಲ್ಲಿಯಾಗಲಿ ಹೇಳಬಾರದು. ಪ್ರೀತಿಯಿಂದ ಹಂಚಿದ ಒಂದು ಸಾಲು ಅನೇಕರ ಪ್ರಾಣಕ್ಕೆ ಅಪಾಯ ತರಬಹುದು; ಮನೆಯಲ್ಲಿ ಆಕೆ ಒಬ್ಬಳೇ ಇದ್ದಾಳೆಂಬ ಸುದ್ದಿಯೂ ಕೆಟ್ಟವರ ಕಿವಿಗೆ ಬೀಳಬಹುದು. ಆಕೆಯ ಹೆಸರು ಹಿಡಿದು ಪತಿಯ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಉಳಿದ ವಿವರ ದೇವರಿಗೆ ಗೊತ್ತಿದೆ. ಎಲ್ಲಿದ್ದಾರೆ, ಯಾವಾಗ ಬರುತ್ತಾರೆ ಎಂದು ಆಕೆಯನ್ನು ಕೇಳುವ ಅಭ್ಯಾಸವನ್ನೂ ಬಿಡಬೇಕು, ಏಕೆಂದರೆ ಉತ್ತರ ಕೊಡದಿದ್ದರೆ ಅಸಭ್ಯವೆಂದೂ, ಕೊಟ್ಟರೆ ತಪ್ಪೆಂದೂ ಆಕೆ ಇಕ್ಕಟ್ಟಿಗೆ ಸಿಲುಕುತ್ತಾಳೆ.

ಒಂಟಿತನ, ಶೋಧನೆ (ಪಾಪಕ್ಕೆ ಎಳೆಯುವ ಪ್ರಲೋಭನೆ) ಮತ್ತು ರಕ್ಷಣೆ

ಪರಿಶುದ್ಧತೆಯ ಬೋಧನೆಯಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗಕ್ಕೆ ಬಂದಿದ್ದೇವೆ. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 4:3-7 ಜಾರತ್ವಕ್ಕೆ ದೂರವಾಗಿರುವುದನ್ನು ದೇವರ ಚಿತ್ತವೆಂದು ಸ್ಪಷ್ಟವಾಗಿ ಹೇಳುತ್ತದೆ, ಅದನ್ನು ಮೆತ್ತಗೆ ಮಾಡುವ ಅಧಿಕಾರ ನಮಗಿಲ್ಲ. ರಾತ್ರಿಯ ಒಂಟಿತನದಲ್ಲಿ ಮೊಬೈಲ್‌ನ ಮೂಲಕ ಬೆಳೆಯುವ ಅತಿ ಸಲುಗೆಯ ಸ್ನೇಹಗಳ ಬಗ್ಗೆ, ನೋಡಬಾರದ ದೃಶ್ಯಗಳ ಬಗ್ಗೆ, ಮನಸ್ಸಿನ ನೋವನ್ನು ಮರೆಯಲು ಹಿಡಿಯುವ ಮದ್ಯದ ಅಥವಾ ಮಾತ್ರೆಗಳ ಬಗ್ಗೆ, ಮಕ್ಕಳ ಮೇಲೆ ಹರಿಯುವ ಕೋಪದ ಬಗ್ಗೆ ಹಿರಿಯರು ನೇರವಾಗಿ, ಆದರೆ ಏಕಾಂತದಲ್ಲಿ ಮಾತಾಡಬೇಕು. ಎಲ್ಲರ ಮುಂದೆ, ಸೈನಿಕರ ಪತ್ನಿಯರನ್ನು ಮಾತ್ರ ಬೊಟ್ಟುಮಾಡಿ ಇದನ್ನು ಬೋಧಿಸಿದರೆ ಆಕೆಯನ್ನು ಶಂಕೆಯ ಕಣ್ಣಿಂದ ನೋಡಿದಂತಾಗುತ್ತದೆ. ಗಂಡ ಪ್ರತಿ ರಾತ್ರಿ ಮನೆಗೆ ಬರುವವಳಿಗೂ ಈ ವಾಕ್ಯ ಅಷ್ಟೇ ಅನ್ವಯಿಸುತ್ತದೆ.

ಸತ್ಯವೇದದಲ್ಲಿ ಪತಿ ಯುದ್ಧಕ್ಕೆ ಹೋಗಿದ್ದಾಗ ಮನೆಯಲ್ಲಿದ್ದ ಪತ್ನಿಯ ಕಥೆಯೊಂದು ಇದೆ. 2 ಸಮುವೇಲನು 11ನೆಯ ಅಧ್ಯಾಯದಲ್ಲಿ, ಊರೀಯನು ರಬ್ಬದ ಮುತ್ತಿಗೆಯಲ್ಲಿದ್ದಾಗ, ಯೆರೂಸಲೇಮಿನಲ್ಲಿಯೇ ಉಳಿದಿದ್ದ ಅರಸನಾದ ದಾವೀದನು ಊರೀಯನ ಪತ್ನಿ ಬತ್ಷೆಬೆಯನ್ನು ಕರೆಸಿಕೊಂಡನು. ನಾತಾನ ಪ್ರವಾದಿ 12ನೆಯ ಅಧ್ಯಾಯದಲ್ಲಿ ಬಂದಾಗ ಅವನ ಖಂಡನೆಯೆಲ್ಲ ಅರಸನ ಮೇಲೆ ಬಿತ್ತು. ಆಕೆಯನ್ನು ದೂಷಿಸುವ ಒಂದು ಮಾತನ್ನೂ ಅವನು ಆಡಲಿಲ್ಲ. ಆ ಊರಿನಲ್ಲಿ ಅಧಿಕಾರವುಳ್ಳವನಿಗೆ ಬೇಡವೆಂದು ಹೇಳುವವರೂ, ಆಕೆಯ ಪರವಾಗಿ ನಿಲ್ಲುವವರೂ ಆ ಕಥೆಯಲ್ಲಿ ಕಾಣುವುದಿಲ್ಲ. ಅದಕ್ಕಾಗಿಯೇ, ಪತಿ ದೂರವಿರುವ ಸ್ತ್ರೀಯನ್ನು ಎಚ್ಚರಿಸುವುದರಲ್ಲಿ ಮಾತ್ರ ತೃಪ್ತಿಪಡದೆ ಆಕೆಯನ್ನು ಕಾಯುವುದು ಸಭೆಯ ಪರಿಶುದ್ಧತೆಯ ಭಾಗವೆಂದು ನಾನು ದೃಢವಾಗಿ ನಂಬುತ್ತೇನೆ. ಪುರುಷರ ಒಂಟಿ ಭೇಟಿಯನ್ನು ತಡೆಯುವ ನಿಯಮದ ಕಾರಣ ಇದೇ. ಸಭೆಯ ಯಾವನಾದರೂ ಅನುಚಿತವಾಗಿ ನಡೆದುಕೊಂಡನೆಂದು ಆಕೆ ಹೇಳಿದರೆ, ಅವನ ಸ್ಥಾನ ಯಾವುದೇ ಆಗಿರಲಿ, ಮುಚ್ಚಿಹಾಕದೆ ಸಭೆಯ ಹಿರಿಯರಿಗೆ ತಿಳಿಸಬೇಕು. ಅಪರಾಧವಾಗಿದ್ದರೆ ಕಾನೂನಿನ ಬಳಿಗೆ ಹೋಗಲು ಆಕೆಯ ಜೊತೆ ನಿಲ್ಲಬೇಕು.

ಹೊಡೆತ ಪತಿಯಿಂದಲೇ ಬರುತ್ತಿದ್ದರೂ ಹೀಗೆಯೇ. ಅಧೀನಳಾಗಿದ್ದು ಸಹಿಸಿಕೋ ಎಂಬ ಸಲಹೆಯನ್ನು ಯಾರೂ ಕೊಡಬಾರದು. ಮೊದಲು ಆಕೆಯನ್ನೂ ಮಕ್ಕಳನ್ನೂ ಸುರಕ್ಷಿತ ಸ್ಥಳಕ್ಕೆ ಸೇರಿಸಿ, ನಂತರ ವೈದ್ಯಕೀಯ ಮತ್ತು ಕಾನೂನಿನ ನೆರವಿನ ಜೊತೆಗೆ ಸೇನೆಯ ಕುಟುಂಬ ಕಲ್ಯಾಣದ ನೆರವನ್ನೂ ಆಕೆಗೆ ದೊರಕಿಸಬೇಕು.

ಪತಿ ಇನ್ನೂ ವಿಶ್ವಾಸಕ್ಕೆ ಬಾರದವನಾಗಿದ್ದರೆ, ಪೇತ್ರನ ಮೊದಲನೆಯ ಪತ್ರಿಕೆಯ 3:1-2 ಹೇಳುವ ಮೌನ ಸಾಕ್ಷಿಯ ಮಾರ್ಗದಲ್ಲಿ ಆಕೆಯನ್ನು ಪ್ರೋತ್ಸಾಹಿಸಿರಿ. ರಜೆಯ ಕೆಲವೇ ದಿನಗಳನ್ನು ಕೂಟಗಳಿಗೆ ಬರಲೇಬೇಕೆಂಬ ಒತ್ತಾಯದಿಂದ ಕಿತ್ತುಕೊಳ್ಳಬೇಡಿರಿ.

ಪತಿ ಮರಳಿ ಬಂದಾಗ

ಧರ್ಮೋಪದೇಶಕಾಂಡ 24:5, ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಸೈನ್ಯಕ್ಕೆ ಕಳುಹಿಸದೆ, ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಲು ಬಿಡಬೇಕೆಂದು ಆಜ್ಞಾಪಿಸಿತು. ಇಂದಿನ ಸೈನ್ಯಗಳು ಆ ನಿಯಮಕ್ಕೆ ಬದ್ಧವಲ್ಲ, ಆದರೆ ಸಭೆಯು ಅದರ ಆಶಯವನ್ನು ಪಾಲಿಸಬಹುದು. ಪತಿ ಬಂದ ಮೊದಲ ಕೆಲವು ವಾರ ಆಕೆಯನ್ನು ಕೂಟದ ಕೆಲಸಗಳಿಂದ ಬಿಡುಗಡೆ ಮಾಡಿ, ಒಂದೆರಡು ಸಂಜೆ ಮಕ್ಕಳನ್ನು ನೋಡಿಕೊಂಡು ಅವರಿಬ್ಬರಿಗೆ ಸಮಯ ದೊರಕಿಸಿಕೊಡಿರಿ. ಅವನಿಗೆ ನಿದ್ರೆಯಲ್ಲಿ ಬೆಚ್ಚಿಬೀಳುವುದು, ಯಾವಾಗಲೂ ಮೈಯೆಲ್ಲ ಎಚ್ಚರವಾಗಿರುವುದು, ಮಾತು ನಿಲ್ಲಿಸಿಬಿಡುವುದು ವಾರಗಳ ನಂತರವೂ ಮುಂದುವರಿದರೆ, ಅದು ಆಘಾತದಿಂದ ಬಂದ ಕಾಯಿಲೆಯಾಗಿರಬಹುದೆಂದು ಆಕೆಗೆ ತಿಳಿಸಿ ವೈದ್ಯರ ಬಳಿಗೆ ಹೋಗಲು ಧೈರ್ಯ ಕೊಡಿರಿ. ಪ್ರಾರ್ಥನೆಯೂ ಚಿಕಿತ್ಸೆಯೂ ಒಂದಕ್ಕೊಂದು ವಿರೋಧವಲ್ಲ.

ಕೆಟ್ಟ ಸುದ್ದಿ ಬಂದಾಗ

ಗಾಯದ ಅಥವಾ ಮರಣದ ಸುದ್ದಿಯನ್ನು ಕುಟುಂಬಕ್ಕೆ ತಿಳಿಸುವುದು ಸೇನೆಯ ಅಧಿಕೃತ ಕೆಲಸ. ಗಾಳಿಮಾತನ್ನು ಕೇಳಿ ಯಾರೂ ಆಕೆಗೆ ಫೋನ್ ಮಾಡಬಾರದು, ಎಲ್ಲಿಯೂ ಬರೆಯಬಾರದು. ಸುದ್ದಿ ಖಚಿತವಾದ ಮೇಲೆ ಆಕೆಯ ಜೊತೆಗಿರುವ ಹಿರಿಯಳು ಕೂಡಲೇ ಹೋಗಲಿ. ಇನ್ನೊಬ್ಬಳು ಮಕ್ಕಳ, ಊಟದ, ಬರುವ ಬಂಧುಗಳ ವ್ಯವಸ್ಥೆಯನ್ನು ಹೊತ್ತುಕೊಳ್ಳಲಿ. ಯೋಬನ ಮೂವರು ಸ್ನೇಹಿತರು ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರೆಂದು ಯೋಬ 2:13 ಹೇಳುತ್ತದೆ, ಬಾಯಿ ತೆರೆದ ಮೇಲೆಯೇ ಅವರು ಅವನನ್ನು ನೋಯಿಸಿದರು. ದೇವರ ಚಿತ್ತ ಹೀಗಿತ್ತು ಎಂಬ ವಿವರಣೆಯನ್ನು ಆ ದಿನಗಳಲ್ಲಿ ಯಾರೂ ಕೊಡುವುದು ಬೇಡ. ಮೊದಲ ತಿಂಗಳ ಜನಸಂದಣಿ ಕರಗಿದ ಮೇಲೆ, ಪಿಂಚಣಿಯ ಕಾಗದಪತ್ರಗಳು, ಮನೆ ಖಾಲಿ ಮಾಡುವ ನೋಟಿಸು, ಮಕ್ಕಳ ಪ್ರಶ್ನೆಗಳು ಒಟ್ಟಿಗೆ ಬರುವ ಹೊತ್ತಿನಲ್ಲಿ ಆಕೆಗೆ ಸಹೋದರಿಯರ ಅಗತ್ಯ ಇನ್ನೂ ಹೆಚ್ಚು. ಆದ್ದರಿಂದ ಕನಿಷ್ಠ ಒಂದು ವರ್ಷದವರೆಗೆ ಯಾರು ಯಾವ ವಾರ ಹೋಗಬೇಕೆಂಬುದನ್ನು ಬರೆದಿಟ್ಟುಕೊಳ್ಳಿರಿ.

ಆಕೆಗೆ ಸೇವೆಯನ್ನು ಒಪ್ಪಿಸುವುದು

ಸೈನಿಕನ ಪತ್ನಿಯೆಂದರೆ ಸದಾ ಸಹಾಯ ಪಡೆಯಬೇಕಾದವಳು ಎಂಬ ಭಾವನೆ ಆಕೆಯನ್ನು ಕುಗ್ಗಿಸುತ್ತದೆ. ಜಾನ್ ವೆಸ್ಲಿಯವರ ತಾಯಿ ಸುಸಾನ್ನಾ, 1711-12ರ ಚಳಿಗಾಲದಲ್ಲಿ ಪತಿ ಲಂಡನ್ನಿನಲ್ಲಿದ್ದಾಗ, ಎಪ್‌ವರ್ತ್‌ನ ತಮ್ಮ ಮನೆಯಲ್ಲಿ ಭಾನುವಾರ ಸಂಜೆ ಮಕ್ಕಳಿಗಾಗಿ ವಾಕ್ಯ ಓದಿ ಪ್ರಾರ್ಥನೆ ನಡೆಸಲು ಆರಂಭಿಸಿದರು; ನೆರೆಯವರು ಒಬ್ಬೊಬ್ಬರಾಗಿ ಬಂದು ಸೇರಿ, ಕೊನೆಗೆ ಮನೆಯೇ ಹಿಡಿಸದಷ್ಟು ಜನರಾದರು. ಹೊಸ ಒಡಂಬಡಿಕೆಯ ಪ್ರಿಸ್ಕಿಲ್ಲಳ ಬದುಕೂ ವರ್ಗಾವಣೆಗಳ ಬದುಕೇ. ಚಕ್ರವರ್ತಿ ಕ್ಲೌದ್ಯನ ಆಜ್ಞೆಯಿಂದ ರೋಮ್ ಬಿಟ್ಟ ಆಕೆಯೂ ಪತಿ ಅಕ್ವಿಲನೂ ಕೊರಿಂಥದಲ್ಲಿ ಪೌಲನಿಗೆ ಜೊತೆಯಾದರು, ಎಫೆಸದಲ್ಲಿ ಬೋಧಕನಾದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು, ಮತ್ತೆ ರೋಮಿನಲ್ಲಿ ಅವರ ಮನೆಯಲ್ಲಿ ಸಭೆ ಕೂಡುತ್ತಿತ್ತೆಂದು ರೋಮಾಪುರದವರಿಗೆ 16:3-5 ತಿಳಿಸುತ್ತದೆ. ಆದುದರಿಂದ ಬಂದ ಎರಡು ಮೂರು ತಿಂಗಳಲ್ಲಿಯೇ ದೇವರು ಆಕೆಗೆ ಕೊಟ್ಟ ವರಕ್ಕೆ (ಸಾಮರ್ಥ್ಯಕ್ಕೆ) ತಕ್ಕ, ಅರ್ಧಕ್ಕೆ ನಿಂತರೂ ಕೂಟಕ್ಕೆ ತೊಂದರೆಯಾಗದ ಒಂದು ಕೆಲಸವನ್ನು ಕೊಡಿರಿ: ಹಾಡು ನಡೆಸುವುದು, ಮಕ್ಕಳ ಪಾಠ, ಹೊಸಬರನ್ನು ಭೇಟಿಯಾಗುವುದು. ಮುಂದಿನ ಹೊಸ ಪತ್ನಿಯ ಮನೆಗೆ ಹೋಗುವ ಇಬ್ಬರಲ್ಲಿ ಒಬ್ಬಳು ಆಕೆಯೇ ಆಗಿರಲಿ. ಬೋಧಿಸುವ ಅಥವಾ ಇತರರ ಆತ್ಮಿಕ ಹೊಣೆ ಹೊರುವ ಕೆಲಸಕ್ಕೆ ಮಾತ್ರ ಆಕೆಯ ನಡತೆಯನ್ನೂ ವಿಶ್ವಾಸವನ್ನೂ ಹತ್ತಿರದಿಂದ ತಿಳಿದ ಮೇಲೆ ನೇಮಿಸುವುದು ಸರಿ. ಆ ವಿಷಯದಲ್ಲಿ ಆತುರಪಡುವುದು ಆಕೆಗೂ ಒಳ್ಳೆಯದಲ್ಲ.

ಕಳುಹಿಸಿಕೊಡುವುದು

ವರ್ಗಾವಣೆಯ ಆದೇಶ ಬಂದ ಕೂಡಲೇ ಆಕೆಯಿಂದ ಮೆಲ್ಲಗೆ ದೂರ ಸರಿಯುವುದು ಮನುಷ್ಯ ಸ್ವಭಾವ, ಅದನ್ನು ಗಮನದಲ್ಲಿಟ್ಟು ತಡೆಯಬೇಕು. ಸಾಮಾನು ಕಟ್ಟುವ ವಾರದಲ್ಲಿ ಊಟ ಕಳುಹಿಸಿ, ಕೊನೆಯ ಕೂಟದಲ್ಲಿ ಆಕೆಗಾಗಿ ಎಲ್ಲರೂ ಸೇರಿ ಪ್ರಾರ್ಥಿಸಿರಿ. ಪೌಲನು ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯನ್ನು ರೋಮಾಪುರದವರಿಗೆ 16:1-2ರಲ್ಲಿ ಪರಿಚಯಿಸಿ, ದೇವಜನರಿಗೆ ತಕ್ಕ ಹಾಗೆ ಆಕೆಯನ್ನು ಸೇರಿಸಿಕೊಂಡು ಬೇಕಾದ ಸಹಾಯ ಮಾಡಿರಿ ಎಂದು ಬರೆದಂತೆ, ಆಕೆ ಹೋಗುವ ಊರಿನ ಸಭೆಗೆ ಒಂದು ಪತ್ರ ಬರೆಯಿರಿ. ಆಕೆ ಇಲ್ಲಿ ಮಾಡಿದ ಸೇವೆ, ಆಕೆಯ ವರಗಳು, ಮಕ್ಕಳ ವಯಸ್ಸು, ತಲುಪಿದ ಮೇಲೆ ಬೇಕಾಗುವ ಸಹಾಯ ಇಷ್ಟನ್ನು ಆಕೆಗೆ ಓದಿತೋರಿಸಿ, ಒಪ್ಪಿಗೆ ಪಡೆದು ಕಳುಹಿಸಬೇಕು. ಆಕೆ ಗುಟ್ಟಾಗಿ ಹೇಳಿದ ಯಾವ ಸಂಗತಿಯೂ ಅದರಲ್ಲಿ ಇರಬಾರದು, ತಲುಪುವ ದಿನಾಂಕವನ್ನು ಆಕೆ ತಾನೇ ತಿಳಿಸಲಿ. ಅಲ್ಲಿ ಆಕೆಗೆ ಜೊತೆಯಾಗುವ ಹಿರಿಯಳೊಬ್ಬಳ ಹೆಸರು ಸಿಗುವವರೆಗೆ ಇಲ್ಲಿನ ಹಿರಿಯಳು ವಾರದ ಫೋನ್ ಕರೆಯನ್ನು ನಿಲ್ಲಿಸಬಾರದು.